ಹಬೆಗೂ ಕೆಂಪಾದ ಸೆನ್ಸರ್

ಆ ಚಳಿಗಾಲ ನನಗೆ ಹಿಡಿದ ಕೆಮ್ಮು ಬಿಡಲೇ ಇಲ್ಲ. ಸಾಗರದ ಡಾಕ್ಟರು "ಮನೇಲಿ ಹೊಗೆ ಇದ್ಯಾ?" ಎಂದು ಕೇಳಿದರು. ಅಡುಗೆಗೆ ಗ್ಯಾಸು, ಬಚ್ಚಲಿಗೆ ಸೋಲಾರು, ಹೊಗೆ ಎಲ್ಲಿಂದ ಬರಬೇಕು ಎಂದೆ. ಇದನ್ನು ಕೇಳಿದ ನನ್ನ ನಾದಿನಿ, ತೀರ್ಥಹಳ್ಳಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು, ಒಂದು ಅಗ್ಗದ ಸೆನ್ಸರ್ ಕಳಿಸಿದಳು. ಸೋಪಿನ ಡಬ್ಬಿಯಷ್ಟು ದೊಡ್ಡದು. ಕೋಣೆಯ ಗಾಳಿ ಚೊಕ್ಕವಿದ್ದರೆ ಹಸಿರು ದೀಪ, ಕೆಟ್ಟರೆ ಕೆಂಪು.

ಒಗ್ಗರಣೆ ಹಾಕಿದಾಗ ಕೆಂಪಾಗಿ, ಕಿಟಕಿ ತೆರೆದ ಮೇಲೆ ಹಸಿರಿಗೆ ಬಂತು. ಅದು ಅರ್ಥವಾಯಿತು. ಸಂಜೆ ಮಲಗುವ ಕೋಣೆಗೆ ತಂದಿಟ್ಟು, ಎಂದಿನಂತೆ ಬಿಸಿನೀರಿನ ಪಾತ್ರೆಯ ಮೇಲೆ ಟವೆಲ್ ಹೊದ್ದು ಹಬೆ ತೆಗೆದುಕೊಂಡೆ. ಟವೆಲ್ ಸರಿಸಿ ನೋಡಿದರೆ ದೀಪ ಕೆಂಪಗೆ ಉರಿಯುತ್ತಿತ್ತು.

ಯಜಮಾನರು ಬಗ್ಗಿ ನೋಡಿದರು. "ಔಷಧಿ ಅಂತ ವಿಷ ಎಳ್ಕೊಳ್ತಿದೀಯಲ್ಲೇ."

"ಬರೀ ನೀರು ಕಣ್ರೀ."

"ಮತ್ತೆ ಮಶೀನು ಸುಳ್ಳು ಹೇಳುತ್ತಾ?"

ಹೆದರಿ ಹಬೆ ಬಿಟ್ಟೆ. ಬೆಳಗಿನ ಕೆಮ್ಮು ಇನ್ನೂ ಜೋರಾಯಿತು. ಕೊನೆಗೆ ನಾದಿನಿಗೆ ಫೋನ್ ಮಾಡಿದೆ.

"ಹಬೆ ಬಿಡ್ಬೇಡಿ ಅತ್ತಿಗೆ. ಅದು ಬೆಳಕು ಹಾಯಿಸಿ ಗಾಳೀಲಿರೋ ಕಣ ಎಣಿಸೋದು ಅಷ್ಟೆ. ಹೊಗೆ ಯಾವ್ದು, ನೀರಿನ ಹನಿ ಯಾವ್ದು ಅಂತ ಅದಕ್ಕೆ ಗೊತ್ತಾಗಲ್ಲ."

"ಹಂಗಾದ್ರೆ ನಂಗೆ ಹೆಂಗೆ ಗೊತ್ತಾಗ್ಬೇಕು?"

"ನೀರಿನ ಪಸೆ ಇಲ್ದಾಗ ನೋಡಿ," ಎಂದಳು.

ಮರುದಿನ ಮಧ್ಯಾಹ್ನವೆಲ್ಲ ಹಸಿರೇ ಇತ್ತು. ಮುಸ್ಸಂಜೆ ಕಿಟಕಿ ಮುಚ್ಚಿ ಸೊಳ್ಳೆ ಬತ್ತಿ ಹಚ್ಚಿದ ಮೇಲೆ ಕೆಂಪಾಯಿತು, ಕೆಂಪಾಗಿಯೇ ಉಳಿಯಿತು. ಆದರೆ ಹೊರಗೆ ಇಬ್ಬನಿಯೂ ಇಳಿಯುತ್ತಿತ್ತು. ಇದು ಬತ್ತಿಯೋ, ಇಬ್ಬನಿಯೋ?

"ಇಷ್ಟು ವರ್ಷ ಹಚ್ಚಿದೀವಿ, ಇವತ್ತು ಕೆಟ್ಟದಾಯ್ತಾ? ಇಬ್ಬನೀನೇ ಇರ್ಬೇಕು," ಎಂದರು ಯಜಮಾನರು. ಮಶೀನು ಸುಳ್ಳು ಹೇಳುವುದಿಲ್ಲ ಎಂದವರೂ ಇವರೇ.

ನಾನು ಹಟ ಮಾಡಿ ಬತ್ತಿ ನಿಲ್ಲಿಸಿ ಸೊಳ್ಳೆ ಪರದೆ ಕಟ್ಟಿದೆ. ಹಬೆಯನ್ನೂ ಮತ್ತೆ ಶುರು ಮಾಡಿದೆ. ದೀಪ ಹೆಚ್ಚಾಗಿ ಹಸಿರಿರುತ್ತಿತ್ತು. ಕೆಲವು ಬೆಳಗುಗಳಲ್ಲಿ ಒಲೆ ಹಚ್ಚುವ ಮೊದಲೇ ಕೆಂಪಗಿರುತ್ತಿತ್ತು. ಆಮೇಲೆ ಕಾಫಿ ಲೋಟ ಹಿಡಿದು ಅದರ ಮುಂದೆ ನಿಂತು, ಇಬ್ಬನಿಯೋ ಎಲ್ಲಿಯದೋ ಹೊಗೆಯೋ ಎಂದು ಕಿಟಕಿಯಾಚೆ ನೋಡುತ್ತಿದ್ದೆ.

ಶಿವರಾತ್ರಿಯ ಹೊತ್ತಿಗೆ ಕೆಮ್ಮು ಹೋಯಿತು. ಚಳಿಯೂ ಹೋಗಿತ್ತು. ಬತ್ತಿ ಬಿಟ್ಟಿದ್ದಕ್ಕೋ, ಹಬೆಗೋ, ಡಾಕ್ಟರು ಕೊಟ್ಟ ಮಾತ್ರೆಗೋ, ಬಿಸಿಲಿಗೋ ನನಗೆ ಇವತ್ತಿಗೂ ಗೊತ್ತಿಲ್ಲ. ಪರದೆಯನ್ನಂತೂ ಬಿಚ್ಚಲಿಲ್ಲ. ಅದರೊಳಗೆ ಉಸಿರು ಕಟ್ಟುತ್ತದೆ ಎಂದು ಯಜಮಾನರು ಈಗಲೂ ದಿನಾ ಗೊಣಗುತ್ತಾ ಮಲಗುತ್ತಾರೆ.