ಬರ್ತೇನೆ ಎಂದು ಹೋದವರು

ಮಂಗಳೂರಿಗೆ ಬಂದ ಮೂರನೆಯ ದಿನ ನಿಮ್ಮ ಸೋದರತ್ತೆ ಮಂಜುಳಾ ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ಒಂದು ಹಸಿರು ಚುಕ್ಕಿಯ ಮೇಲೆ ಬೆರಳಿಟ್ಟು, “ಇದು ನೀನವ್ವ” ಅಂದಳು.

ಪರದೆಯ ತುಂಬ ಚುಕ್ಕಿಗಳು, ಸಕ್ಕರೆ ಡಬ್ಬಿಗೆ ಇರುವೆ ಹತ್ತಿದ ಹಾಗೆ. ಹಸಿರು ಚುಕ್ಕಿ ಒಂದು ಸಾಲಿನಲ್ಲಿ ನಿಂತಿತ್ತು.

“ನಾ ಅಲ್ಲೇನು ಮಾಡಾಕತ್ತೀನಿ?”

“ಡಾಕ್ಟರಿಗೆ ತೋರಿಸಾಕ ಬಂದೀದಿ.”

“ಆಮ್ಯಾಲ?”

“ತೋರಿಸಿಕೊಂಡು ಹೋಗ್ತಿ.”

ಅಷ್ಟರಲ್ಲಿ ಚುಕ್ಕಿ ಬಾಗಿಲ ತನಕ ಹೋಗಿ ಮಾಯವಾಯಿತು. “ಎಲ್ಲಿಗೆ ಹೋದೆ ನಾನು?” ಅಂದೆ. ಮಂಜುಳಾ ನಕ್ಕಳು. “ಹೊರಗ ಹೋದವ್ರು ಎಲ್ಲಿಗೆ ಹೋಗ್ತಾರಂತ ಇದಕ್ಕ ಗೊತ್ತಿರೂದಿಲ್ಲವ್ವ.”

ಕಿರಣ, ಸುಮಾ, ಇದನ್ನೆಲ್ಲ ಫೋನಿನಲ್ಲಿ ಹೇಳಲು ನನಗೆ ಬರುವುದಿಲ್ಲ. ಆ ಕಡೆ ಯಾರ್‍ಯಾರು ಕೇಳುತ್ತಿದ್ದಾರೋ ಎಂದು ನಾಲಗೆ ಹಿಡಿದುಕೊಳ್ಳುತ್ತದೆ. ನಮ್ಮೂರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಅಕ್ಷರ ಇದೆ. ಅದರಲ್ಲೇ ಬರೆಯುತ್ತೇನೆ.

ಮಂಜುಳಾ ಓದಿದ ವಿದ್ಯೆಯ ಹೆಸರು ಆಪರೇಶನ್ಸ್ ರಿಸರ್ಚ್. ನಿಮ್ಮಜ್ಜ ಅದನ್ನು ಅರ್ಧ ಕೇಳಿಸಿಕೊಂಡು, ಮಗಳು ಆಪರೇಶನ್ ಮಾಡುತ್ತಾಳೆಂದು ಊರ ತುಂಬ ಹೇಳಿದ್ದರು. ಅವಳು ಪಿಎಚ್.ಡಿ. ಮುಗಿಸಿ ಡಾಕ್ಟರ್ ಎನಿಸಿಕೊಂಡು ಊರಿಗೆ ಬಂದ ದಿನ ಹಿಂದಿನ ಓಣಿಯ ಈರಪ್ಪ ಹರ್ನಿಯಾ ತೋರಿಸಲು ನಮ್ಮ ಕಟ್ಟೆಯ ಮೇಲೆ ಬಂದು ಕುಳಿತಿದ್ದ. ನಿಜವಾಗಿ ಅವಳ ಕೆಲಸ ಬೇರೆ. ನೀವು ಮಣ್ಣಿನಲ್ಲಿ ಅಡುಗೆಯಾಟ ಆಡುತ್ತೀರಲ್ಲ, ಹಾಗೆ ಅವಳು ಕಂಪ್ಯೂಟರಿನೊಳಗೆ ಒಂದು ಆಟದ ಬಸ್ ನಿಲ್ದಾಣ ಕಟ್ಟುತ್ತಾಳೆ, ಆಟದ ಆಸ್ಪತ್ರೆ ಕಟ್ಟುತ್ತಾಳೆ. ಅದಕ್ಕೆ ಸಿಮ್ಯುಲೇಶನ್ ಎನ್ನುತ್ತಾರೆ. ಸಾಲು ಎಲ್ಲಿ ಕಟ್ಟಿಕೊಳ್ಳುತ್ತದೆ, ಯಾವ ಬಾಗಿಲು ತೆರೆದರೆ ಕರಗುತ್ತದೆ ಎಂದು ಅಲ್ಲಿ ನೋಡಿಕೊಂಡು ಆಮೇಲೆ ನಿಜವಾದ ಜಾಗದಲ್ಲಿ ಮಾಡಿಸುತ್ತಾಳೆ. ಪುಣೆಯಲ್ಲಿ ಬಸ್ಸುಗಳು, ಇಲ್ಲಿ ಬೈಕಂಪಾಡಿಯಲ್ಲಿ ಗೋದಾಮಿನ ಮುಂದೆ ಕಾಯುವ ಲಾರಿಗಳು, ಈಗ ಫಳ್ನೀರಿನ ಒಂದು ಆಸ್ಪತ್ರೆ. ಒಂದೊಂದು ಕೆಲಸಕ್ಕೂ ಎರಡೋ ಮೂರೋ ವರ್ಷದ ನೇಮಕ. ಮುಗಿದರೆ ಪೆಟ್ಟಿಗೆ ಕಟ್ಟಬೇಕು.

ನಾನು ಬಂದದ್ದು ನಾಲ್ಕು ತಿಂಗಳಿಗೆಂದು. ನಿಮ್ಮಜ್ಜ ಹೋದ ಮೇಲೆ, ಒಬ್ಬಳೇ ಇರುವ ಮಗಳ ಜೊತೆ ಸ್ವಲ್ಪ ದಿನ ಇದ್ದು ಬರೋಣ ಅನ್ನಿಸಿತ್ತು. ಹೊರಡುವಾಗ ನಾನು “ಬರ್ತೇನಿ” ಅಂದೆ. ಕಿರಣ, ನೀನು ಮಾತ್ರ “ಯಾವತ್ತು?” ಅಂತ ಕೇಳಿದ್ದೆ. “ಜೋಳದ ಸುಗ್ಗೀಗೆ” ಅಂದಾಗ ನೀನು ಸೀಮೆಸುಣ್ಣ ತಂದು ಪಡಸಾಲೆಯ ಬಾಗಿಲ ಮೇಲೆ ಒಂದು ಗುರುತು ಹಾಕಿದೆ.

ಇಲ್ಲಿ ಮಂಗಳೂರಲ್ಲಿ ನಮ್ಮ ಮನೆ ಶಕ್ತಿನಗರದಲ್ಲಿ, ಮಹಡಿಯ ಮೇಲೆ. ನಮ್ಮೂರಲ್ಲಿ ಬಾಗಿಲು ತೆರೆದರೆ ಓಣಿ, ಇಲ್ಲಿ ಬಾಗಿಲು ತೆರೆದರೆ ಇನ್ನೊಂದು ಬಾಗಿಲು, ಅದೂ ಮುಚ್ಚಿದ್ದು. ಒಣಹಾಕಿದ ಸೀರೆ ಸಂಜೆಯಾದರೂ ಒಣಗುವುದಿಲ್ಲ. ಅನ್ನ ಕೆಂಪಗೆ, ದಪ್ಪಗೆ, ಕುಚ್ಚಲಕ್ಕಿ ಎನ್ನುತ್ತಾರೆ. ಮೊದಲ ದಿನ ಬೆಂದಿಲ್ಲವೆಂದು ಮತ್ತೆ ಒಲೆಗೆ ಇಟ್ಟಿದ್ದೆ. ಮಂಜುಳಾ ಒಂಬತ್ತಕ್ಕೆ ಹೋದರೆ ಆರಕ್ಕೆ ಬರುತ್ತಾಳೆ. ನಡುವಿನ ಹೊತ್ತಿನಲ್ಲಿ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಒಮ್ಮೊಮ್ಮೆ ಸುಮ್ಮನೆ ಕೆಮ್ಮಿ ನೋಡುತ್ತಿದ್ದೆ.

ಮೊದಲು ಮಾತಾಡಿಸಿದವರು ಕೆಳಮನೆಯ ಸರೋಜಿನಿ, ಮನೆಯ ಮಾಲೀಕರು. ಗಂಡ ಕುವೈತಿನಲ್ಲಿದ್ದಾರೆ. ನಾನು ರೊಟ್ಟಿ ಬಡಿಯುತ್ತಿದ್ದಾಗ ಅವರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು.

“ಎಂತ ಅಮ್ಮ ಅದು? ಯಾರಿಗೆ ಹೊಡೀತಾ ಇದ್ದೀರಿ?”

ನಾನು ನಾಚಿ, ರೊಟ್ಟಿಯನ್ನೇ ಎತ್ತಿ ತೋರಿಸಿದೆ.

“ಅಯ್ಯೋ ದೇವರೇ! ನಾನು ಮೇಲೆ ಗಲಾಟೆ ಅಂತ ಓಡಿ ಬಂದೆ ಮಾರಾಯ್ರೆ. ಒಂದು ಕೊಡಿ ನೋಡುವ.”

ತಿಂದು, ಚಪ್ಪಲಿ ಮೆಟ್ಟುತ್ತ “ಪೋದು ಬರ್ಪೆ” ಅಂದರು. ಅದು ತುಳು. ‘ಹೋಗಿ ಬರ್ತೇನೆ’ ಎಂದರ್ಥವಂತೆ. ನಾಡು ಬೇರೆ, ಮಾತು ಬೇರೆ, ಆದರೆ ಹೊಸಿಲು ದಾಟುವಾಗ ‘ಹೋಗ್ತೇನೆ’ ಎಂದು ಬಾಯಿಬಿಟ್ಟು ಹೇಳುವ ಹೆದರಿಕೆ ಇಬ್ಬರಿಗೂ ಒಂದೇ ಎಂದು ಆ ದಿನ ತಿಳಿಯಿತು. ಅವರನ್ನು ಕೇಳಿ ಕೇಳಿ ನಾನೂ ಒಂದು ದಿನ ಅಂಗಡಿಯಲ್ಲಿ ಧೈರ್ಯ ಮಾಡಿ “ಜೋಳದ ಹಿಟ್ಟು ಉಂಟಾ?” ಅಂದೆ. ಅಂಗಡಿಯವ ತಲೆ ಎತ್ತದೆ “ಇಜ್ಜಿ” ಅಂದ. ಇಜ್ಜಿ ಎಂದರೆ ಇಲ್ಲ. ಹಿಟ್ಟು ಸಿಗಲಿಲ್ಲ. ಆದರೆ ಅವನು ನನ್ನನ್ನು ಇಲ್ಲಿಯವಳೆಂದು ತಿಳಿದು ತುಳುವಿನಲ್ಲಿ ಉತ್ತರ ಕೊಟ್ಟನಲ್ಲ ಎಂದು ದಾರಿಯುದ್ದಕ್ಕೂ ನಗುತ್ತ ಬಂದೆ.

ಆ ಹೊತ್ತಿಗೆ ಮಂಜುಳಾಳ ಆಟದ ಆಸ್ಪತ್ರೆ ಕೆಟ್ಟು ಕುಳಿತಿತ್ತು. ನಿಜವಾದ ಆಸ್ಪತ್ರೆಯಲ್ಲಿ ಮಧ್ಯಾಹ್ನ ಎರಡೂವರೆಗೆ ಕಾಯುವವರೆಲ್ಲ ಮುಗಿದು ಕುರ್ಚಿಗಳು ಖಾಲಿ. ಅವಳ ಕಂಪ್ಯೂಟರಿನಲ್ಲಿ ಮಾತ್ರ ಸಂಜೆ ಐದಾದರೂ ಜನ ಗಿಜಿಗುಟ್ಟುತ್ತಿದ್ದರು. ತಪ್ಪು ಎಲ್ಲಿದೆಯೆಂದು ಎರಡು ತಿಂಗಳಿಂದ ಹುಡುಕುತ್ತಿದ್ದಳು. ತಿಂಗಳ ಕೊನೆಯ ಸಭೆಯಲ್ಲಿ ಎರಡೂ ಹೊಂದಿದರೆ ಇಲ್ಲೇ ಇನ್ನು ಮೂರು ವರ್ಷ ಕೆಲಸ. ಇಲ್ಲದಿದ್ದರೆ ನೇಮಕ ಅಲ್ಲಿಗೇ ಮುಗಿಯಿತು.

“ಆಗಲಿಲ್ಲಂದ್ರ ಊರಿಗೆ ಹೋಗೂಣವ್ವ,” ಎಂದು ಒಂದು ಬೆಳಗ್ಗೆ ತಲೆ ಬಾಚಿಕೊಳ್ಳುತ್ತ ಹೇಳಿದಳು. “ಹತ್ತು ವರ್ಷ ಇದನ್ನ ಮಾಡೇನಿ. ಇನ್ನೊಂದೂರಾಗ ಮೊದಲಿಂದ ಸುರು ಮಾಡೂ ಶಕ್ತಿ ಇಲ್ಲ.”

ಅವಳ ದನಿ ಒಡೆದಿತ್ತು. ನನ್ನ ಕಿವಿಗೆ ಬಿದ್ದದ್ದು ‘ಊರಿಗೆ’ ಎಂಬ ಒಂದು ಮಾತು ಮಾತ್ರ. ಅಂದು ಇಡೀ ದಿನ ಮನಸ್ಸಿನಲ್ಲೇ ಪಾತ್ರೆ ಕಟ್ಟುತ್ತಿದ್ದೆ.

ಆ ವಾರ ಸರೋಜಿನಿಯವರು ಕಣ್ಣು ಉರಿಯೆಂದು ಅದೇ ಆಸ್ಪತ್ರೆಗೆ ಹೊರಟರು. ಜೊತೆಗೆ ನಾನೂ ಹೋದೆ. ಡಾಕ್ಟರ ಕೋಣೆಯ ಹೊರಗೆ ಮಂಜುಳಾಳ ಜೊತೆ ಕೆಲಸ ಮಾಡುವ ನಿಧಿ ಮೇಡಂ ಫಾರ್ಮು ಹಿಡಿದು ನಿಂತಿದ್ದರು. ಭೋಪಾಲದವರು. ಮೂವತ್ತು ದಿನದಲ್ಲಿ ಕಲಿಸುವ ಪುಸ್ತಕ ಇಟ್ಟುಕೊಂಡು ಕನ್ನಡ ಕಲಿತವರು. ಡಾಕ್ಟರಿಗೆ ತೋರಿಸಿ ಹೊರಬಂದವರಲ್ಲಿ ಕೆಲವರು ಮನೆಗೆ ಹೋಗುತ್ತಾರೆ, ಕೆಲವರು ರಕ್ತ ಕೊಟ್ಟು ರಿಪೋರ್ಟು ಹಿಡಿದು ಅದೇ ದಿನ ಮತ್ತೆ ಸಾಲಿಗೆ ಬರುತ್ತಾರೆ. ಅದನ್ನು ಬರೆದುಕೊಳ್ಳುವುದು ಅವರ ಕೆಲಸ. ಆ ಲೆಕ್ಕವೇ ಮಂಜುಳಾಳ ಕಂಪ್ಯೂಟರಿಗೆ ಹೋಗುತ್ತದೆ. ಫಾರ್ಮಿನಲ್ಲಿ ಚೌಕಾಬಾರದ ಹಾಗೆ ಮನೆಗಳು: ‘ಹೋದರು’ ಒಂದು ಮನೆ, ‘ಮತ್ತೆ ಬರುತ್ತಾರೆ’ ಒಂದು ಮನೆ.

ಸರೋಜಿನಿ ಹೊರಬಂದು, “ಆಯ್ತು ಮೇಡಂ, ಬರ್ತೇನೆ ಆಯ್ತಾ” ಅಂದರು. ನಿಧಿ ಮೇಡಂ ನಗುನಗುತ್ತ ಎರಡನೆಯ ಮನೆಯಲ್ಲಿ ಗುರುತು ಹಾಕಿದರು.

ಗೇಟಿನ ಹತ್ತಿರ ನಾನು ಮೆಲ್ಲಗೆ ಕೇಳಿದೆ, “ಮತ್ತ ಬರಬೇಕೇನ್ರಿ ಇವತ್ತು?”

“ಎಂತಕ್ಕೆ? ಮುಗೀತಲ್ಲ! ಅಲ್ಲಿ ಕಾದು ಕಾದು ಸೊಂಟ ಹೋಯ್ತು.”

ಅಷ್ಟೇ. ಎರಡು ತಿಂಗಳ ತಪ್ಪು ನನ್ನ ಕೈಗೆ ಸಿಕ್ಕಿತ್ತು.

ಮಕ್ಕಳೇ, ನಾನು ಅದನ್ನು ಅಂದು ಹೇಳಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಹೇಳಿದರೆ ಮೂರು ವರ್ಷ ಇಲ್ಲಿ. ಸುಮ್ಮನಿದ್ದರೆ ತಿಂಗಳ ಕೊನೆಗೆ ನಿಮ್ಮ ಹತ್ತಿರ. ಅಂಥ ದೊಡ್ಡ ಕಂಪ್ಯೂಟರಿಗೆ ಗೊತ್ತಾಗದ್ದು ನನಗೆ ಗೊತ್ತಾಯಿತೆಂದು ಹೇಳಲು ನಾನ್ಯಾರು ಎಂದು ನನಗೆ ನಾನೇ ನೆಪ ಹೇಳಿಕೊಂಡೆ.

ಮರುದಿನ ಭಾನುವಾರ. ಮಧ್ಯಾಹ್ನ ಮಂಜುಳಾ ತಟ್ಟೆಯಲ್ಲಿ ಕೈ ಒಣಗಿಸಿಕೊಂಡು ಕಂಪ್ಯೂಟರನ್ನೇ ನೋಡುತ್ತಿದ್ದಳು. ಹಸಿರು ಚುಕ್ಕಿ ಬಾಗಿಲ ತನಕ ಹೋಗಿ ಹೊರಳಿ ಬಂದು ಮತ್ತೆ ಸಾಲಿನ ಕೊನೆಗೆ ನಿಂತಿತು.

“ನೋಡವ್ವ, ಮೂರನೇ ಸಲ ಬಂದಿ. ಯಾಕ ಬರಾಕತ್ತಿಯೋ ನನಗ ತಿಳೀವಲ್ದು,” ಅಂದು ಎಡಗೈಯಿಂದ ಕಣ್ಣು ಒರೆಸಿಕೊಂಡಳು.

ತಡೆಯಲಾಗಲಿಲ್ಲ.

“ಮಂಜೀ, ಬರ್ತೇನಿ ಅಂದ್ರ ಬರೂದಲ್ಲವ್ವ, ಹೋಗೂದು.”

ಅವಳಿಗೆ ಅರ್ಥವಾಗಲಿಲ್ಲ. ಸರೋಜಿನಿಯವರ ಮಾತು, ನಿಧಿ ಮೇಡಂ ಹಾಕಿದ ಗುರುತು, ಎಲ್ಲ ಹೇಳಿದೆ. ಆಮೇಲೆ ಅಂದೆ: “ನಿಮ್ಮಪ್ಪನೂ ಹುಬ್ಬಳ್ಳಿ ಆಸ್ಪತ್ರಿಗೆ ಹೋಗೂ ಮುಂದ ಜೀಪು ಹತ್ತಿ ಬರ್ತೇನಿ ಅಂತನ ಅಂದಿದ್ರು.”

ಮಂಜುಳಾ ಎದ್ದು ಕೈ ತೊಳೆದು ಬಂದಳು. ಆಮೇಲೆ ನಿಧಿ ಮೇಡಂಗೆ ಫೋನು ಹಚ್ಚಿದಳು. ಆ ಕಡೆಯಿಂದ ಗಾಬರಿಯ ದನಿ ನನಗೂ ಕೇಳಿತು: “ಆದರೆ ಪುಸ್ತಕದಲ್ಲಿ ಹಾಗೇ ಉಂಟಲ್ಲ!”

ಇಬ್ಬರೂ ಕೂತು ಹಳೆಯ ಫಾರ್ಮುಗಳನ್ನೆಲ್ಲ ಆಸ್ಪತ್ರೆಯ ಟೋಕನ್ ಪುಸ್ತಕದ ಜೊತೆ ಹೋಲಿಸಿ, ನಿಜವಾಗಿ ಮರಳಿ ಬಂದವರನ್ನಷ್ಟೇ ಉಳಿಸಿಕೊಂಡರು. ಕಂಪ್ಯೂಟರಿನಲ್ಲಿ ಮತ್ತೆ ಓಡಿಸಿದಾಗ ಎರಡೂವರೆಗೆ ಆಟದ ಆಸ್ಪತ್ರೆಯೂ ಖಾಲಿಯಾಯಿತು. ಸಭೆಯಲ್ಲಿ ಒಪ್ಪಿಗೆ ಸಿಕ್ಕಿತು. ಮೂರು ವರ್ಷ. ತನ್ನ ಲೇಖನದಲ್ಲಿ ನನ್ನ ಹೆಸರು ಹಾಕಿ ಕೃತಜ್ಞತೆ ಹೇಳುತ್ತೇನೆಂದು ಮಂಜುಳಾ ಕುಣಿದಳು. ಬೇಡವೇ ಬೇಡ ಎಂದೆ. ‘ನನ್ನ ತಾಯಿ’ ಎಂದು ಮಾತ್ರ ಹಾಕಿದ್ದಾಳಂತೆ. ನಾನು ಒಂದು ದಿನ ಸುಮ್ಮನಿದ್ದದ್ದು ಅವಳಿಗೆ ಗೊತ್ತಿಲ್ಲ.

ಈಗ ಹೊಸ ಫಾರ್ಮು ಬಂದಿದೆ. ‘ಗೊತ್ತಿಲ್ಲ’ ಎಂಬ ಮೂರನೆಯ ಮನೆಯೂ ಇದೆ. ಮೊನ್ನೆ ಕೇಳಿದೆ, “ನನ್ನ ಯಾವ ಮನೀಗೆ ಹಾಕ್ತಿ ಮಂಜೀ?”

“ಇದು ಬಾಗಿಲ ದಾಟಿದವರಿಗವ್ವ. ನೀ ಇನ್ನೂ ಒಳಗ ಕುಂತೀದಿ,” ಅಂದು ನಕ್ಕಳು.

ನಾನೂ ನಕ್ಕೆ. ಅವಳ ಬಾಗಿಲು ನಾನು ದಾಟಿಲ್ಲ, ನಿಜ. ಆದರೆ ನಮ್ಮೂರ ಬಾಗಿಲು ದಾಟಿ ಬಂದಿದ್ದೇನಲ್ಲ. ಅಲ್ಲಿ ಸುಗ್ಗಿ ಮುಗಿದಿರಬೇಕು. ಕಿರಣ, ನಾನು ಹೊರಟ ದಿನ ನೀನು ಹಾಕಿದ ಆ ಸೀಮೆಸುಣ್ಣದ ಗುರುತು ಬಾಗಿಲ ಮೇಲೆ ಇನ್ನೂ ಇದ್ದರೆ, ಯಾರಾದರೂ ತೊಳೆಯಲು ಬಂದರೆ, ಅಳಿಸಲು ಬಿಡಬೇಡ.