ಪೂಜೆ ಮುಗಿಯುವವರೆಗೆ ಅಸಿಸ್ಟೆಂಟ್ ಕೋಚ್

ನನ್ನ ಮಗ ಆಲ್ಬನಿ ಕಡೆಯ ಒಂದು ಕಾಲೇಜಿನಲ್ಲಿ ಮೇಷ್ಟ್ರು. ನಾವಿರುವ ಈ ಪರದೇಶದಲ್ಲಿ ಹೈಸ್ಕೂಲಿಗೇ ಕಾಲೇಜ್ ಅನ್ನುತ್ತಾರೆ. 2016ರಲ್ಲಿ ಅಲ್ಲಿನ ಹುಡುಗಿಯರ ಫುಟ್‌ಬಾಲ್ ತಂಡಕ್ಕೆ ಅವನೇ ಹೆಡ್ ಕೋಚ್. ಚೆಂಡನ್ನು ಕೈಯಲ್ಲಿ ಮುಟ್ಟಬಾರದು ಅನ್ನುವುದಷ್ಟೇ ನನಗೆ ಗೊತ್ತಿದ್ದ ಆಟ. ಗೋಲ್‌ಕೀಪರ್ ಮಾತ್ರ ಮುಟ್ಟಬಹುದು ಅಂತ ತಿಳಿದ ದಿನ, ಅದೆಂಥ ಪಕ್ಷಪಾತ ಅಂತ ಜಗಳವಾಡಿದ್ದೆ.

ಆ ವರ್ಷ ಅವನು ಒಬ್ಬರನ್ನು ಅಸಿಸ್ಟೆಂಟ್ ಆಗಿ ಆರಿಸಬೇಕಿತ್ತು. ಮೂರು ವರ್ಷದಿಂದ ಆ ಕೆಲಸವನ್ನು ಸಂಬಳವಿಲ್ಲದೆ ಪ್ರೀತಿಗೆ ಮಾಡುತ್ತಿದ್ದವನು ಅವನ ಹಳೆಯ ಫ್ಲಾಟ್‌ಮೇಟ್, ಹಾಸನದವನು. ವಾರವೆಲ್ಲ ಆಸ್ಪತ್ರೆಯಲ್ಲಿ ದುಡಿದು, ಶನಿವಾರ ಮಳೆಯಲ್ಲಿ ನೆನೆದು, ನನ್ನ ಕೈಯ ಉಪ್ಪಿಟ್ಟು ತಿಂದು ಹೋಗುತ್ತಿದ್ದ. ಮಗ ಏನಂದರೂ ಅವನದು ಹೂಂ.

ಇನ್ನೊಬ್ಬಳು ಹಿಂದೆ ಗೋಲ್‌ಕೀಪರ್ ಆಗಿದ್ದ ಈ ದೇಶದವಳೇ ಆದ ಹೆಂಗಸು. ಹಳೆಯ ಮ್ಯಾಚಿನ ವಿಡಿಯೊ ನೋಡಿ, ನಿನ್ನ ಹುಡುಗಿಯರು ಕೊನೆಗೆ ಸೋಲುವುದು ಸುಸ್ತಿನಿಂದಲ್ಲ, ನೀನು ಪಕ್ಕದಲ್ಲಿ ನಿಂತು ಅರಚುವುದರಿಂದ ಅಂದಳಂತೆ. ಮಗ ಎರಡು ದಿನ ಮುಖ ಊದಿಸಿಕೊಂಡಿದ್ದ. ಬುಧವಾರ ಅವಳನ್ನೇ ಆರಿಸಿದ.

"ನನ್ ಥರಾನೇ ಯೋಚ್ನೆ ಮಾಡೋನು ಇನ್ನೊಬ್ಬ ಯಾಕಮ್ಮ? ನಂಗೆ ಕಾಣ್ದೇ ಇರೋದು ಕಾಣೋರು ಬೇಕು," ಅಂದ. ಆಮೇಲೆ ಗೆಳೆಯನಿಗೆ ಹೇಳಲು ಫೋನ್ ಎತ್ತಿದ.

ನಾನು ತಡೆದೆ. ಗೆಳೆಯ ಮೌಂಟ್ ಆಲ್ಬರ್ಟ್‌ನಲ್ಲಿ ಮನೆ ತೆಗೆದುಕೊಂಡಿದ್ದ. ಭಾನುವಾರ ಸತ್ಯನಾರಾಯಣ ಪೂಜೆ. ಗಂಡ ಹೆಂಡತಿ ಪೂಜೆಗೆ ಕೂರುವ ಮೊದಲು ಕೆಟ್ಟ ಸುದ್ದಿ ಮುಟ್ಟಿಸುವುದುಂಟೇ? ನಾಲ್ಕು ದಿನಕ್ಕೆ ಏನೂ ಮುಳುಗುವುದಿಲ್ಲ, ಪ್ರಸಾದ ತಿಂದ ಮೇಲೆ ಹೇಳು ಅಂದೆ. ಮಗ ಹೂಂ ಅಂದು ಫೋನ್ ಕೆಳಗಿಟ್ಟ.

ಭಾನುವಾರ ಮಂಗಳಾರತಿ ಆಯಿತು. ಗೆಳೆಯ ರೇಷ್ಮೆ ಪಂಚೆಯಲ್ಲೇ ಮಗನ ಹೆಗಲ ಮೇಲೆ ಕೈ ಹಾಕಿ ಬಂದವರಿಗೆಲ್ಲ ಪರಿಚಯಿಸತೊಡಗಿದ. ಇವನು ಹೆಡ್ಡು, ನಾನು ಬಾಲ, ಈ ವರ್ಷವೂ ಅಷ್ಟೇ ಅಂತ ನಗಿಸುತ್ತಿದ್ದ. ಮಗ ನನ್ನ ಕಡೆ ನೋಡಿದ. ನಾನು ಸಜ್ಜಿಗೆಯಲ್ಲಿ ಗೋಡಂಬಿ ಹುಡುಕುತ್ತಿದ್ದೆ.

ಅಲ್ಲೊಬ್ಬಾಕೆಯ ಮಗಳು ಅದೇ ಕಾಲೇಜು. "ಅಯ್ಯೋ, ಬೇರೆ ಯಾರೋ ಲೇಡಿ ಅಂತ ಶುಕ್ರವಾರನೇ ನ್ಯೂಸ್‌ಲೆಟರ್ ಬಂತಲ್ಲ," ಅಂದಳು ಆಕೆ. ಪಾಪ, ಕೆಟ್ಟ ಮನಸ್ಸಿನಿಂದಲ್ಲ. ಫೋನ್ ತೆಗೆದು ತೋರಿಸಿಯೂ ಬಿಟ್ಟಳು.

ಗೆಳೆಯ ಓದಿ, ಹೆಗಲಿನಿಂದ ಕೈ ತೆಗೆದ. ಒಳಗೆ ಹೋಗಿ ಪ್ರಸಾದ ತಂದು ಮಗನ ಕೈಗೆ ಹಾಕಿದ.

"ಮೂರ್ ವರ್ಷ ನಿನ್ ಪಕ್ಕ ನಿಂತಿದೀನಿ. ಒಂದ್ ಫೋನ್ ಮಾಡಕ್ಕಾಗ್ಲಿಲ್ವೇನೋ?"

ತಡೆದವಳು ನಾನು ಅಂತ ಆಗಲೇ ಹೇಳಬೇಕಿತ್ತು. ಇಂಥ ಬಾಯಿಬಡುಕಿ ನಾನು, ಚಪ್ಪಲಿ ಹುಡುಕುವ ನೆಪ ಮಾಡಿ ಬಾಗಿಲ ಕಡೆ ನಡೆದೆ.

ಆ ಚಳಿಗಾಲ ತಂಡ ಗೆಲ್ಲುತ್ತ ಹೋಯಿತು. ಆ ಹೆಂಗಸು ಮಗನನ್ನು ಅರಚಲು ಬಿಡಲಿಲ್ಲ. ಗೆಳೆಯ ಮಾತ್ರ ಒಂದು ಶನಿವಾರವೂ ಬರಲಿಲ್ಲ.

ಕೊನೆಗೆ ಮೊಮ್ಮಗಳ ಕೈಲಿ ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿತೆ. ಒಂದೇ ಬೆರಳಿನಲ್ಲಿ ಅರ್ಧ ದಿನ ಕೂತು ಗೆಳೆಯನಿಗೆ ಬರೆದೆ: ತಪ್ಪು ನಂದು, ಪೂಜೆ ಮುಗೀಲಿ ಅಂತ ನಾನೇ ತಡೆದೆ, ಅವನನ್ನ ಬೈಬೇಡ.

ಮರುದಿನ ಉತ್ತರ ಬಂತು.

"ಗೊತ್ತು ಆಂಟಿ, ಅವನೇ ಹೇಳ್ದ. ನೀವು ಬೇಡ ಅಂದ್ರಿ, ಅವನು ಹೂಂ ಅಂದ. ನಾನು ಹೂಂ ಅನ್ನೋನು ಅಂತ ತಾನೇ ನನ್ನ ಬಿಟ್ಟಿದ್ದು?"

ಅದನ್ನು ಮಗನಿಗೆ ಇನ್ನೂ ತೋರಿಸಿಲ್ಲ.