ಶೋಧನೆ ಬಂದ ದಿನ

ಬೆಳಿಗ್ಗೆ ರಂಗಸ್ವಾಮಿ ಫೋನ್ ಮಾಡಿ ಸಹಾಯಣ್ಣ ಹೋದರು ಎಂದು ಹೇಳಿದಾಗ "ಯಾವ ಸಹಾಯಣ್ಣ?" ಎಂದು ಕೇಳಿದೆ...
ನನಗೆ ಗೊತ್ತಿರುವುದು ಒಬ್ಬರೇ ಸಹಾಯಣ್ಣ.
ಆದರೂ ಕೇಳಿದೆ.
ಇನ್ನೊಬ್ಬರಿರಬಹುದೇನೋ ಎಂಬ ಆಸೆಗೆ...

ದೇವಸಹಾಯ. ಹೋದ ವರ್ಷ ರಿಟೈರ್ ಆದ ಪೋಸ್ಟ್‌ಮನ್.
ಹಾರ್ಟ್ ಅಟ್ಯಾಕ್ ಅಂತೆ.
ಇದನ್ನು ಓದುವ ಗೆಳೆಯರಲ್ಲಿ ಹೆಚ್ಚಿನವರಿಗೆ ಅವರು ಗೊತ್ತಿಲ್ಲ. ಗೊತ್ತಿರಬೇಕಿತ್ತು ಅನ್ನಿಸಿ ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ಕೊನೆ.
ಹಳೇಬೀಡಿಗೂ ಅರಸೀಕೆರೆಗೂ ನಡುವಿನ ಒಂದೂರು. ಸಣ್ಣ ಅಂಚೆ ಕಚೇರಿ.
ನಾನು ಕೌಂಟರಿನಲ್ಲಿ ಕ್ಲರ್ಕ್. ರಂಗಸ್ವಾಮಿ ಪ್ಯಾಕರ್.
ಅರಸೀಕೆರೆ ಬಸ್ಸಿನಿಂದ ಟಪಾಲು ಚೀಲ ಇಳಿಯುತ್ತಿತ್ತು. ಅದನ್ನು ಬಿಚ್ಚುವ ಮುಂಚೆ ಸಹಾಯಣ್ಣ ಒಂದು ನಿಮಿಷ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು.
"ಒಳಗೆ ಹಾವೈತೇನಣ್ಣ?" ಎಂದು ರಂಗಸ್ವಾಮಿ ರೇಗಿಸುತ್ತಿದ್ದ.
"ಇದ್ರೂ ಇರ್ಬೋದು ಕಣೋ" ಎನ್ನುತ್ತಿದ್ದರು.

ಅವರ ಮಟ್ಟಿಗೆ ಬದುಕು ಒಂದು ಯುದ್ಧ. ಖಾಕಿ ಹಾಕಿಕೊಳ್ಳುವ ಮುಂಚೆ ಇನ್ನೊಂದು ಅಂಗಿ ಹಾಕಿಕೊಳ್ಳಬೇಕು, ಅದು ಯಾರಿಗೂ ಕಾಣುವುದಿಲ್ಲ, ಅದಿಲ್ಲದೆ ಹೊರಗೆ ಕಾಲಿಟ್ಟರೆ ಸೈತಾನನ ಏಟು ಬೀಳುತ್ತದೆ ಎಂದು ಹೇಳುತ್ತಿದ್ದರು.
ನಾನು ನಗುತ್ತಿದ್ದೆ. ಸೈತಾನ ಎಂಬುದು ನನಗೆ ಒಂದು ರೂಪಕ, ಅಷ್ಟೇ.

ಒಂದು ದಿನ ಚೀಲ ಬಿಚ್ಚಿದವರು ಮುಖ ಬಿಳಿಚಿಕೊಂಡು ನನ್ನ ಟೇಬಲ್ಲಿಗೆ ಬಂದರು.
"ನಂಗೆ ಶೋಧನೆ ಬಂದೈತೆ ಸಾರ್. ದೊಡ್ಡದೇ ಬಂದೈತೆ."

ಅವರ ಚರ್ಚಿನ ಕನ್ನಡದಲ್ಲಿ ಶೋಧನೆ ಎಂದರೆ ಮನುಷ್ಯನನ್ನು ಕೆಡವಲು ಸೈತಾನ ಒಡ್ಡುವ ಆಮಿಷ.
ನಮ್ಮ ಕಚೇರಿಯ ಕನ್ನಡದಲ್ಲಿ ತಪಾಸಣೆ...
ರಂಗಸ್ವಾಮಿ ಅರ್ಧ ಕೇಳಿಸಿಕೊಂಡು ಒಳಗೆ ಓಡಿದ. ಹತ್ತು ನಿಮಿಷದಲ್ಲಿ ಗೋಣಿಚೀಲಗಳು ಸಾಲಾಗಿ ಕೂತವು. ರಿಜಿಸ್ಟರುಗಳ ಧೂಳು ಹೋಯಿತು. ಪೋಸ್ಟ್ ಮಾಸ್ಟರು ಕಾಲರ್ ಗುಂಡಿ ಹಾಕಿಕೊಂಡು, ಬಸ್ಸು ಬಂದಾಗಲೆಲ್ಲ ಎದ್ದು ನಿಂತು ಕಿಟಕಿಯಲ್ಲಿ ನೋಡಿದರು.
ಮಧ್ಯಾಹ್ನವಾದರೂ ಯಾರೂ ಬರಲಿಲ್ಲ.
"ಎಲ್ಲಣ್ಣ ನಿನ್ನ ಶೋಧನೆ? ಬಸ್ಸು ತಪ್ಪುಸ್ಕಂತಾ?"
"ಬಂದು ಬ್ಯಾಗಲ್ಲೇ ಕುಂತೈತೆ ಕಣೋ."

ಬ್ಯಾಗಿನಲ್ಲಿದ್ದದ್ದು ಒಂದು ರಿಜಿಸ್ಟರ್ಡ್ ಕವರು. ಮೇಲೆ 'ಸಂದರ್ಶನ ಪತ್ರ' ಎಂದು ಅಚ್ಚಾಗಿತ್ತು. ಮೇಷ್ಟರ ಕೆಲಸಕ್ಕೆ.
ಯಾವ ಹುಡುಗನಿಗೆ ಬಂದಿತ್ತೋ ಆ ಹುಡುಗನ ಅಪ್ಪ, ಎರಡು ವರ್ಷದ ಹಿಂದೆ, ಸಹಾಯಣ್ಣನ ತಂಗಿ ಸುಗುಣಳ ಮೇಲೆ ಬಿಕ್ಕೋಡಿನ ಗಂಡಿನ ಮನೆಗೆ ಮೂಗರ್ಜಿ ಬರೆದಿದ್ದ.
ಮದುವೆ ಮುರಿದುಬಿತ್ತು.
ಗಂಡಿನ ಕಡೆಯವರು ಆ ಕಾಗದವನ್ನು ತಂದು ತೋರಿಸಿದಾಗ ಅಕ್ಷರ ಯಾರದೆಂದು ಸಹಾಯಣ್ಣನಿಗೆ ತಿಳಿಯಿತು. ವರ್ಷಗಟ್ಟಲೆ ರುಜು ಹಾಕಿಸಿಕೊಂಡ ಕೈ.
ಆ ಮೂಗರ್ಜಿಯ ಕವರಿನ ಮೇಲೆ ನಮ್ಮ ಕಚೇರಿಯದೇ ಮೊಹರು. ಒತ್ತಿದ್ದು ಸಹಾಯಣ್ಣನೇ...

ಸಹಾಯಣ್ಣ, ಈಗ ನಿಮಗೇ ಹೇಳುತ್ತೇನೆ.
ಅವತ್ತು ನೀವು ಆ ಕವರನ್ನು ನನ್ನ ಮುಂದಿಟ್ಟಿರಿ. ನಾನು ಯೋಚಿಸಲೂ ಇಲ್ಲ.
"ಹಿಂದುಗಡೆ 'ಬಾಗಿಲು ಹಾಕಿದೆ' ಅಂತ ಬರೆದು ಇಡ್ರಿ. ನಾಲ್ಕು ದಿನ ಬಿಟ್ಟು ಕೊಡಿ. ಯಾರು ಕೇಳ್ತಾರೆ?" ಅಂದೆ.
ನ್ಯಾಯವಾದದ್ದನ್ನೇ ಹೇಳುತ್ತಿದ್ದೇನೆ ಎಂದು ನಂಬಿದ್ದೆ.
ನೀವು ನನ್ನನ್ನು ನೋಡಿದಿರಿ... ಸಿಟ್ಟಿರಲಿಲ್ಲ. ನನ್ನ ಮಾತಿನಲ್ಲಿ ಯಾರನ್ನೋ ಗುರುತು ಹಿಡಿದಂತೆ ನೋಡಿದಿರಿ.
ಆ ನೋಟವನ್ನು ಇವತ್ತಿಗೂ ಪೂರ್ತಿ ಸಹಿಸಿಕೊಳ್ಳಲು ನನಗೆ ಆಗಿಲ್ಲ.

"ಶತ್ರು ಆ ಮನೇಲಿಲ್ಲ ಸಾರ್. ಪೆನ್ಸಿಲ್ ಹಿಡ್ಕಂಡಿರೋ ನನ್ನ ಈ ಕೈಯಲ್ಲವ್ನೆ" ಅಂದಿರಿ.
ಕವರನ್ನು ಬ್ಯಾಗಿಗೆ ಹಾಕಿಕೊಂಡು, "ಜೊತೆಗೆ ಬತ್ತೀರಾ? ಒಬ್ನೇ ಹೋದ್ರೆ ಕಾಲು ಹಿಂದಕ್ಕೆ ತಿರುಗ್ತವೆ" ಅಂದಿರಿ.

ಬಂದೆ. ದೇವರಿಲ್ಲದ ನಾನು ಬಂದೆ.
ಬಾಗಿಲು ತೆಗೆದದ್ದು ಆ ಅಪ್ಪನೇ. ನಿಮ್ಮನ್ನು ನೋಡಿ ಹೊಸ್ತಿಲಲ್ಲೇ ನಿಂತ.
ಕವರು ಕೊಟ್ಟಿರಿ. ರುಜು ಹಾಕಲು ಪೆನ್ನು ಕೊಟ್ಟಿರಿ.
"ತಡ ಮಾಡ್ಬೇಡಿ, ಹುಡುಗನ್ನ ಬೇಗ ಹೊರಡಿಸಿ" ಅಂದಿರಿ.
ಅಷ್ಟೇ.

ವಾಪಸ್ಸು ಬರುವಾಗ, ಗೆದ್ದಿರಲ್ಲ ಎಂದೆ.
"ಎಲ್ಲಿ ಗೆದ್ದೆ ಸಾರ್... ರುಜು ಹಾಕುವಾಗ ಅವ್ನ ಕೈ ನಡುಗ್ಲಿ ಅಂತ ಕಾಯ್ತಾ ಇದ್ದೆ. ನಾಳೆ ಮತ್ತೆ ಇದೇ ಬೀದಿಗೆ ಬರ್ಬೇಕಲ್ಲ."

ಬಂದಿರಿ. ರಿಟೈರ್ ಆಗುವವರೆಗೆ, ದಿನವೂ, ಅದೇ ಬೀದಿಗೆ.
ಹುಡುಗ ಮೇಷ್ಟರಾದ. ಸುಗುಣಳಿಗೆ ಮದುವೆಯಾಗಲಿಲ್ಲ. ಆ ಹುಡುಗನ ಅಪ್ಪ ಒಂದು ಮಾತೂ ಆಡಲಿಲ್ಲ.
ಯುದ್ಧವೆಂದರೆ ಅಬ್ಬರ ಎಂದು ತಿಳಿದಿದ್ದವನು ನಾನು. ಸೈಕಲ್ ತುಳಿದುಕೊಂಡು, ಬೆಲ್ ಮಾಡಿ, ಕಾಗದ ಕೊಟ್ಟು ಮುಂದೆ ಹೋಗುವುದೂ ಅದೇ ಎಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು...

ಇವತ್ತು ಮಧ್ಯಾಹ್ನ ನಿಮ್ಮ ಮನೆಗೆ ಹೋಗಿದ್ದೆ.
ಸುಗುಣ ಅಳುತ್ತಿರಲಿಲ್ಲ. ಪಕ್ಕದಲ್ಲಿ ಕೂತೆ.
ಅಣ್ಣ ಪ್ರತಿದಿನ ಬೆಳಗಿನ ಪ್ರಾರ್ಥನೆಯಲ್ಲಿ ಆ ಮೂಗರ್ಜಿ ಬರೆದವನ ಹೆಸರು ಹೇಳುತ್ತಿದ್ದರಂತೆ. ನನಗೆ ಇದು ಗೊತ್ತಿರಲಿಲ್ಲ.
"ಕೆಲವು ದಿನ ಅಣ್ಣಂಗೆ ಆ ಹೆಸರು ಬಾಯಿಗೆ ಬರ್ತಿರ್ಲಿಲ್ಲ ಸಾರ್. ಅವತ್ತು ನಾನು ಹೇಳ್ತಿದ್ದೆ."
"ನೀನಾ?" ಎಂದೆ.
"ಹೂಂ. ನಂಗೆ ಬರದೇ ಇದ್ದ ದಿನ ಅಣ್ಣ ಹೇಳೋರು. ಇಬ್ರಿಗೂ ಬರದೇ ಇದ್ದ ದಿನ ಸುಮ್ನೆ ಕುಂತ್ಕಂತಿದ್ವಿ, ಬರೋವರ್ಗೂ."
ಆಮೇಲೆ ಅವಳೇ ಕೇಳಿದಳು.
"ನಾಳೆ ನಂಗೆ ಬರ್ದಿದ್ರೆ?"

ನಾಳೆ ಬೆಳಿಗ್ಗೆ ಬೇಗ ಬರುತ್ತೇನೆ ಎಂದು ಹೇಳಿ ಎದ್ದು ಬಂದೆ.
ಬರುತ್ತೇನೆ. ಪ್ರಾರ್ಥನೆ ನನಗೆ ಬರುವುದಿಲ್ಲ. ಒಂದು ಹೆಸರು ಹೇಳಲು ಬರುತ್ತದೆ.

ನಿಮ್ಮ ಸರದಿ ಮುಗಿಯಿತು ಸಹಾಯಣ್ಣ...
ಯಾರೊಡನೆಯೂ ಹೋರಾಡಬೇಕಿಲ್ಲದ ಕಡೆ ನಿಮ್ಮ ಆತ್ಮ ತಣ್ಣಗಿರಲಿ.